ಕೆಳಗಿನ ಎರಡು ಸಾಲು

ಮಂಗಳಮ್ಮನ ಪ್ರಕಾರ ಈ ಲೋಕದಲ್ಲಿ ಮರ್ಯಾದೆ ಕೊಡಲು ಯೋಗ್ಯವಾದ ಸಂಗತಿಗಳು ಬಹಳ ಇಲ್ಲ. ಇರುವುದರಲ್ಲಿ ಆವರ್ತ ಕೋಷ್ಟಕ ಒಂದು. ಮಿಕ್ಕ ಎಲ್ಲದಕ್ಕೂ ಅವಳು ಮೂಗು ಮುರಿಯುವವಳೇ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಗೇಟಿನ ಮೇಲೆ ಎರಡು ಸಿಮೆಂಟಿನ ಸಿಂಹ ಕೂರಿಸಿದ ಒಂದು ಖಾಸಗಿ ಶಾಲೆ ಇದೆ. ಅಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಲೇ ಅವಳ ಅರ್ಧ ತಲೆ ನರೆತಿತ್ತು. ದಿನಾ ಬೆಳಗ್ಗೆ ಮಂಡ್ಯದಿಂದ ಬಸ್ಸು ಹತ್ತಿ ಬಂದು ಗೇಟಿನ ಮುಂದೆ ಇಳಿದವಳು ಆ ಸಿಂಹಗಳ ಕಡೆ ಒಂದು ನೋಟ ಎಸೆದೇ ಒಳಗೆ ಕಾಲಿಡುತ್ತಿದ್ದಳು. ಎಡಗಡೆಯದಕ್ಕೆ ಬಾಲ ಇರಲಿಲ್ಲ. ಬಾಲ ಮಾಡಿಸದೆಯೇ ಉದ್ಘಾಟನೆ ಮುಗಿಸಿದ ಗಂಡಸು ಎಂಥವನು ಎಂದು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ ಎನ್ನುವುದು ಅವಳ ಅಭಿಪ್ರಾಯ.

ಆ ಗಂಡಸು ಶಾಲೆಯ ಕಾರ್ಯದರ್ಶಿ ನಾಗರಾಜು. ಮೊದಲು ಕಬ್ಬಿನ ಲಾರಿ ಓಡಿಸಿದ, ಆಮೇಲೆ ಆಲೆಮನೆ ಹಾಕಿದ, ಬಾರ್ ತೆಗೆದ, ಅದೇ ಹುರುಪಿನಲ್ಲಿ ಶಾಲೆಯನ್ನೂ ತೆಗೆದ. ಬಾರಿಗೆ ಹಾಕಿ ಮಿಕ್ಕಿದ್ದ ಟೈಲ್ಸನ್ನೇ ಪ್ರಾರ್ಥನೆಯ ಹಾಲಿಗೂ ಹಾಕಿಸಿದ್ದರಿಂದ ಮಕ್ಕಳು ಸರಸ್ವತಿಯ ಪಟದ ಮುಂದೆ ಕಣ್ಣು ಮುಚ್ಚಿ ನಿಂತಾಗ ಅವರ ಕಾಲ ಕೆಳಗೆ ದ್ರಾಕ್ಷಿ ಗೊಂಚಲುಗಳಿದ್ದವು. ಅದನ್ನು ಕಂಡೂ ಕಾಣದಂತಿದ್ದ ಟೀಚರುಗಳ ಬಗ್ಗೆಯೂ ಮಂಗಳಮ್ಮನಿಗೆ ತಾತ್ಸಾರವೇ. ಅವಳೂ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ, ಆ ಮಾತು ಬೇರೆ. ಮನಸ್ಸಿನಲ್ಲಿ ಹೇಳಿಕೊಂಡಿದ್ದಳು, ಚೆನ್ನಾಗಿಯೇ ಹೇಳಿಕೊಂಡಿದ್ದಳು.

ಈ ವರ್ಷ ವಿಜ್ಞಾನ ದಿನ ಹತ್ತಿರ ಬಂದಾಗ ನಾಗರಾಜು ಮೊಬೈಲು ಹಿಡಿದುಕೊಂಡು ಅವಳ ಲ್ಯಾಬಿಗೇ ಬಂದ.

"ಮೇಡಮ್ಮೋರೆ, ಇಲ್ ನೋಡಿ. ಎಲ್ಲೋ ಮಕ್ಳನ್ನ ಚೌಕ ಚೌಕುಕ್ಕೆ ಕೂರ್ಸವ್ರೆ. ಒಂದೊಂದ್ ಮಗೀಗೂ ಒಂದೊಂದು ಧಾತು. ಜೀವಂತ ಆವರ್ತ ಕೋಷ್ಟಕ ಅಂತೆ. ನಾವೂ ಮಾಡಣ. ನಮ್ ಸೀಮೇಲಿ ಇನ್ನೂ ಯಾರೂ ಮಾಡಿಲ್ಲ. ಮೈಸೂರಿಂದ ಒಬ್ರು ದೊಡ್ ವಿಜ್ಞಾನಿನ ಕರುಸ್ತೀನಿ."

"ನೂರಾ ಹದಿನೆಂಟು ಮಕ್ಕಳು ಬೇಕಾಗುತ್ತೆ ಸಾರ್."

"ಅದ್ಕೇನು, ನಮ್ತವು ಮಕ್ಳಿಗ್ ಬರವಾ? ಕುರ್ಚಿ, ಶಾಮಿಯಾನ ನಂದು. ಕೂರ್ಸದು ನಿಮ್ದು."

ಮಂಗಳಮ್ಮ ಪಠ್ಯಪುಸ್ತಕ ತೆಗೆದು ಕೋಷ್ಟಕದ ಪುಟ ಬಿಡಿಸಿಕೊಂಡು ಮೈದಾನಕ್ಕೆ ಇಳಿದಳು. ಪಿ.ಟಿ. ಮೇಷ್ಟ್ರು ಸಂತೋಷ್ ಸುಣ್ಣದ ಪುಡಿಯ ಬಕೆಟ್ಟು ಹಿಡಿದು ಅವಳ ಹಿಂದೆ ಬಂದ. ಉದ್ದಕ್ಕೆ ಹದಿನೆಂಟು ಸಾಲು, ಅಡ್ಡಕ್ಕೆ ಏಳು. ಅವುಗಳ ಹಿಂದೆ ಸ್ವಲ್ಪ ಜಾಗ ಬಿಟ್ಟು, ಬೇರೆಯಾಗಿ ಇನ್ನೆರಡು ಅಡ್ಡ ಸಾಲು. ಪುಸ್ತಕದಲ್ಲಿ ಹೇಗಿತ್ತೋ ಹಾಗೆಯೇ ನೆಲದ ಮೇಲೆ ಗೆರೆ ಬಿತ್ತು. ತಾನು ಮಾಡಿದ ಕೆಲಸದಲ್ಲಿ ಹುಳುಕು ಹುಡುಕುವ ಅಭ್ಯಾಸ ಅವಳಿಗೆ ಇರಲಿಲ್ಲ. ಬೇರೆಯವರ ಕೆಲಸದಲ್ಲಿ ಹುಡುಕುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ.

ಯಾವ ಮಗುವಿಗೆ ಯಾವ ಧಾತು ಎನ್ನುವ ಸುದ್ದಿ ಹೊರಗೆ ಬಿದ್ದದ್ದೇ ತಡ, ಹೆತ್ತವರು ಸ್ಟಾಫ್ ರೂಮಿಗೆ ಮುತ್ತಿಕೊಂಡರು. ಚಿನ್ನ ಬೇಕು, ಬೆಳ್ಳಿ ಬೇಕು, ಪ್ಲಾಟಿನಂ ಆದರೂ ಪರವಾಗಿಲ್ಲ. ನೈಟ್ರೋಜನ್ನು, ಫಾಸ್ಫರಸ್ಸು, ಪೊಟ್ಯಾಸಿಯಂ ಮಾತ್ರ ಗಲಾಟೆಯಿಲ್ಲದೆ ಹಂಚಿಕೆಯಾದವು. ಗೊಬ್ಬರದ ಮೂಟೆಯ ಮೇಲೆ ನೋಡಿದ್ದ ಹೆಸರುಗಳಾದ್ದರಿಂದ ಅಪ್ಪಂದಿರಿಗೆ ಅವು ನೆಂಟರಿದ್ದ ಹಾಗೆ. ಮಗನಿಗೆ ಗಂಧಕ ಬಂದದ್ದಕ್ಕೆ ಒಬ್ಬಾಕೆ ಕಣ್ಣಿಗೆ ಸೆರಗು ಹಚ್ಚಿಕೊಂಡು ನಿಂತಳು.

"ಊರೋರೆಲ್ಲ ವಾಸ್ನೆ ಅಂತ ಆಡ್ಕತಾರೆ ಮಿಸ್, ಬೇರೆ ಯಾವ್ದಾರ ಕೊಡಿ."

"ಪಟಾಕಿ ಹೊಡೀವಾಗ ಗಂಧಕ ಬೇಕು, ಮಗನಿಗೆ ಮಾತ್ರ ಬ್ಯಾಡ್ವಾ?" ಎಂದು ಮಂಗಳಮ್ಮ ಗದರಿ ಕಳಿಸಿದಳು. ಇಂಥ ಬೆಪ್ಪು ತಕ್ಕಡಿಗಳ ಮಕ್ಕಳಿಗೆ ಪಾಠ ಹೇಳಿ ತನ್ನ ಆಯಸ್ಸು ಸವೆಯಿತಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಚಿನ್ನ ಯಾರಿಗೆ ಎನ್ನುವುದು ಮಾತ್ರ ಮೊದಲೇ ತೀರ್ಮಾನವಾಗಿತ್ತು. ನಾಗರಾಜುವಿನ ಮೊಮ್ಮಗಳು ದೀಪಿಕ ಎಂಟನೇ ಕ್ಲಾಸಿನಲ್ಲಿದ್ದಳು. ಅವಳಿಗೆ ಜರಿ ಲಂಗ ಆಗಲೇ ಹೊಲಿಯಲು ಹೋಗಿತ್ತು, ತಲೆಗೊಂದು ಕಿರೀಟವೂ ತಯಾರಾಗುತ್ತಿತ್ತು.

ನಾಗರಾಜು ಸುಣ್ಣದ ಗೆರೆಗಳ ನಡುವೆ ಅಡ್ಡಾಡಿ, ಹಿಂದಿನ ಎರಡು ಸಾಲಿನ ಹತ್ತಿರ ನಿಂತ.

"ಇವೆಲ್ಡು ಯಾರ್ದು?"

"ಮುಂದಿನದು ಲ್ಯಾಂಥನೈಡ್ ಕುಟುಂಬ, ಹಿಂದಿನದು ಆಕ್ಟಿನೈಡ್ ಕುಟುಂಬ ಸಾರ್. ಥೋರಿಯಂ, ಯುರೇನಿಯಂ ಎಲ್ಲ ಇಲ್ಲಿ ಬರುತ್ತೆ."

"ಶಾಮಿಯಾನ ಇಲ್ಲೀಗಂಟ ಬರಾಕಿಲ್ಲ. ಫ್ರೀ ಸೀಟೋರ್ನ ಕೂರ್ಸ್ಬುಡಿ."

ಫ್ರೀ ಸೀಟಿನವರು ಎಂದರೆ ಶಾಲೆಯ ಟ್ರಸ್ಟಿನ ಹೆಸರಿನಲ್ಲಿ ಫೀಸಿಲ್ಲದೆ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಕ್ಕಳು. ಕಬ್ಬು ಕಡಿಯುವವರ, ಲಾರಿಗೆ ಹೊರೆ ತುಂಬುವವರ, ವಿ.ಸಿ. ಫಾರಂನ ಹೊಲಗದ್ದೆಯಲ್ಲಿ ಕೂಲಿಗೆ ಹೋಗುವವರ ಮಕ್ಕಳು. ಫ್ಲೆಕ್ಸಿನಲ್ಲಿ ನಾಗರಾಜುವಿನ ಪಕ್ಕ ನಗುತ್ತ ನಿಲ್ಲುವುದಕ್ಕೆ ಮಾತ್ರ ಅವರನ್ನು ಮುಂದಕ್ಕೆ ಕರೆಯುತ್ತಿದ್ದರು.

"ಬಿಸಿಲು ಸಾರ್," ಎಂದಳು ಮಂಗಳಮ್ಮ.

"ಅವಕ್ಕೇನ್ ಬಿಸ್ಲು ಒಸ್ದಾ? ನಾನೇನ್ ಬೇಕಂತ ಭೇದ ಮಾಡ್ತಿದೀನಾ ಮೇಡಮ್ಮೋರೆ? ಪುಸ್ತಕ್ದಲ್ಲೇ ಅವುರ್ನ ಆಚೆ ಆಕವ್ರೆ, ನೀವೇ ಗೆರೆ ಎಳ್ದಿದೀರಿ. ವಿಜ್ಞಾನ್ವೇ ಅಂಗ್ ಹೇಳ್ತದೆ, ನಾನೇನ್ ಮಾಡ್ಲಿ?"

ಹೀಗೆ ಹೇಳಿ ಅವನು ಹಲ್ಲು ಬಿಟ್ಟ. ಮಂಗಳಮ್ಮನಿಗೆ ಕೊಡಲು ಉತ್ತರ ಇತ್ತು, ಆದರೆ ಅದು ನಾಲಿಗೆಗೆ ಬರುವಷ್ಟರಲ್ಲಿ ಅವನು ಕಾರು ಹತ್ತಿದ್ದ. ಬಾರಿನ ಗಲ್ಲಾ ಮೇಲೆ ಕೂತು ದೊಡ್ಡವನಾದ ಮನುಷ್ಯನ ಬಾಯಲ್ಲಿ ವಿಜ್ಞಾನದ ಹೆಸರು ಕೇಳಿ ಅವಳ ಮೈಯೆಲ್ಲ ಉರಿಯಿತು.

ಆ ಮೈದಾನದಲ್ಲಿ ಇಂಥದೊಂದು ಏರ್ಪಾಟನ್ನು ಅವಳು ಹಿಂದೆಯೂ ನೋಡಿದ್ದಳು. ನಾಗರಾಜು ತನ್ನ ಮಗಳ ಮದುವೆಯ ಬೀಗರ ಊಟವನ್ನು ಅಲ್ಲಿಯೇ ಇಟ್ಟುಕೊಂಡಿದ್ದ. ಶಾಮಿಯಾನದ ಒಳಗೆ ಬೀಗರು, ಮುಖಂಡರು, ಟೀಚರುಗಳು. ಹೊರಗೆ, ಬಾಡಿನ ಕೊಪ್ಪರಿಗೆಗಳ ಆಚೆ, ಲಾರಿಯವರೂ ಹೊರೆಯವರೂ ಬಿಸಿಲಿನಲ್ಲಿ ಕೂತಿದ್ದರು. ಆವತ್ತು ಒಂದು ಎಡವಟ್ಟಾಯಿತು. ಲಾರಿ ಡ್ರೈವರೊಬ್ಬ ಎಲೆ ಹಾಕುವ ಹೊತ್ತಿಗೆ ತೂರಾಡುತ್ತ ಒಳಗೆ ಬಂದು ಸೀದಾ ದೊಡ್ಡ ಬೀಗರ ಮಗ್ಗುಲಲ್ಲೇ ಕೂತುಬಿಟ್ಟ. ನಾಗರಾಜುವಿನ ಮುಖ ಕಪ್ಪಿಟ್ಟಿತು. ಆದರೆ ಎಲೆಯ ಮುಂದೆ ಕೂತವನನ್ನು ಎಬ್ಬಿಸುವ ಪದ್ಧತಿ ಈ ಸೀಮೆಯಲ್ಲಿ ಇಲ್ಲ. ಎಬ್ಬಿಸಿದರೆ ಮಾನ ಹೋಗುವುದು ಎದ್ದವನದಲ್ಲ, ಎಬ್ಬಿಸಿದವನದು. ನಾಗರಾಜು ತಾನೇ ಕೈಯಾರೆ ಅವನಿಗೆ ಮುದ್ದೆ ಬಡಿಸಿ, "ಉಣ್ಣಪ್ಪ, ನಾಚ್ಕಬ್ಯಾಡ" ಎಂದು ನಗಬೇಕಾಯಿತು. ಆ ನಗು ನೋಡಿ ಮಂಗಳಮ್ಮ ಆವತ್ತು ಎರಡು ತುತ್ತು ಜಾಸ್ತಿಯೇ ಉಂಡಿದ್ದಳು.

ಅಭ್ಯಾಸ ಶುರುವಾಯಿತು. ಪ್ರತಿ ಮಗುವೂ ಎದ್ದು ಮೈಕಿನಲ್ಲಿ ತನ್ನ ಧಾತುವಿನ ಬಗ್ಗೆ ಒಂದು ಮಾತು ಹೇಳಬೇಕು. ಹಿಂದಿನ ಎರಡು ಸಾಲಿನವರು ಮಾತ್ರ ಏನೂ ಹೇಳುವುದು ಬೇಡ, ಎದ್ದು ನಿಂತು ಕೈ ಎತ್ತಿದರೆ ಸಾಕು ಎಂದು ತೀರ್ಮಾನವಾಗಿತ್ತು. ಆ ತೀರ್ಮಾನ ನಾಗರಾಜುವಿನದಲ್ಲ, ಮಂಗಳಮ್ಮನದೇ. ಕಾರ್ಯಕ್ರಮ ಉದ್ದವಾಗುತ್ತದೆ, ಮೈಕಿನ ವೈರು ಅಲ್ಲಿಯ ತನಕ ಸಾಲದು. ಅದೂ ಅಲ್ಲದೆ ಆ ಎರಡು ಸಾಲಿನ ಬಗ್ಗೆ ಅವಳಿಗೆ ಮೊದಲಿನಿಂದಲೂ ಉದಾಸೀನ. ವರ್ಷಾ ವರ್ಷ ಕೋಷ್ಟಕದ ಪಾಠ ಬಂದಾಗ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಕೆಳಗಿನ ಎರಡು ಸಾಲು ಪರೀಕ್ಷೆಗೆ ಬರಲ್ಲ. ಗೆರೆ ಹೊಡೆದು ಬಿಡಿ."

ಯುರೇನಿಯಂ ಎಂದು ಬರೆದ ರಟ್ಟು ಪಟ್ಟಲಮ್ಮನ ಕೊರಳಿಗೆ ಬಂದಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿ. ಊರ ದೇವತೆಯ ಹೆಸರನ್ನೇ ಅಜ್ಜಿ ಇಟ್ಟಿದ್ದರಿಂದ ಹಾಜರಿ ಕೂಗುವಾಗ ಕ್ಲಾಸಿನಲ್ಲಿ ಪ್ರತಿದಿನ ಒಂದು ಕಿಸಕಿಸ. ಅವಳು ಅದಕ್ಕೆ ತಲೆ ತಗ್ಗಿಸುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ, ಸುಮ್ಮನೆ "ಎಸ್ ಮಿಸ್" ಎನ್ನುತ್ತಿದ್ದಳು. ಅಭ್ಯಾಸದ ಎರಡನೆಯ ದಿನ ಸಂತೋಷ್ ವಿಸಲ್ ಊದಿ ಎಲ್ಲರನ್ನೂ ಬಿಟ್ಟ ಮೇಲೆ ಅವಳು ರಟ್ಟನ್ನು ಕೊರಳಲ್ಲಿ ಹಾಕಿಕೊಂಡೇ ಮಂಗಳಮ್ಮನ ಮುಂದೆ ಬಂದು ನಿಂತಳು.

"ಮಿಸ್, ಆಕ್ಟಿನಿಯಂ ಒಳಗಡೆ ಕೂತದೆ. ನಮ್ಮನ್ನ ಆಕ್ಟಿನೈಡ್ ಅಂತ ಕರೆಯೋದು ಅದರ ಹೆಸರಿಂದ್ಲೇ ತಾನೆ? ಅದರ ಮನೆಯೋರು ನಾವು, ಯಾಕ್ ಆಚೆ ಇದೀವಿ?"

ಮಂಗಳಮ್ಮನಿಗೆ ಬಸ್ಸಿನ ಹೊತ್ತಾಗಿತ್ತು. ತಲೆಯೂ ನೋಯುತ್ತಿತ್ತು.

"ಅದೆಲ್ಲ ಪರೀಕ್ಷೆಗೆ ಬರಲ್ಲ. ಹೇಳಿದ ಜಾಗದಲ್ಲಿ ಕೂತ್ಕೊಳಮ್ಮ ಸಾಕು," ಎಂದು ಬ್ಯಾಗು ಎತ್ತಿಕೊಂಡು ನಡೆದಳು.

ಮದ್ದೂರು ದಾಟಿ ಮಂಡ್ಯದ ಕಡೆ ಬಸ್ಸು ಹೊರಟಾಗ ಕಿಟಕಿಯ ಸೀಟು ಸಿಕ್ಕಿತು. ಕಿಟಕಿಯ ಸೀಟು ಸಿಕ್ಕಿದ ದಿನ ಅವಳು ದಾರಿಯುದ್ದಕ್ಕೂ ಕಾಣುವ ಫ್ಲೆಕ್ಸುಗಳನ್ನೂ ಅವುಗಳಲ್ಲಿ ಕೈ ಮುಗಿದು ನಿಂತ ಮೀಸೆಗಳನ್ನೂ ಮನಸ್ಸಿನಲ್ಲೇ ಬೈಯುತ್ತ ಹಾಯಾಗಿ ಊರು ಸೇರುತ್ತಿದ್ದಳು. ಈವತ್ತು ಬೈಗುಳ ಸಾಗಲಿಲ್ಲ. ಹುಡುಗಿಯ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕಿದ ಕಬ್ಬಿನ ಸಿಬಿರಿನಂತೆ ಕೂತಿತ್ತು.

ಯಾಕೆ ಆಚೆ? ಯಾಕೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಅವಳ ಮೇಷ್ಟ್ರು ಒಂದು ಉದ್ದನೆಯ ಚಾರ್ಟು ತಂದು ಗೋಡೆಯ ಈ ತುದಿಯಿಂದ ಆ ತುದಿಯ ತನಕ ಬಿಚ್ಚಿ ತೋರಿಸಿದ್ದರು. ಆ ಎರಡು ಸಾಲು ಕೋಷ್ಟಕದ ಹೊರಗಿನವಲ್ಲ. ಲ್ಯಾಂಥನಂ ಪಕ್ಕದಲ್ಲಿ ಒಂದು, ಆಕ್ಟಿನಿಯಂ ಪಕ್ಕದಲ್ಲಿ ಇನ್ನೊಂದು, ನಟ್ಟ ನಡುವೆ ಬರಬೇಕಾದವು. ಆಕ್ಟಿನಿಯಂ ಆದ ಮೇಲೆ ಥೋರಿಯಂ, ಪ್ರೊಟಾಕ್ಟಿನಿಯಂ, ಅದರ ಮಗ್ಗುಲಲ್ಲಿ ಯುರೇನಿಯಂ. ಹಾಗೆ ಕೂರಿಸಿದರೆ ಕೋಷ್ಟಕ ಮೂವತ್ತೆರಡು ಸಾಲು ಅಗಲವಾಗುತ್ತದೆ, ಪುಸ್ತಕದ ಪುಟದಲ್ಲಿ ಹಿಡಿಸುವುದಿಲ್ಲ. ಹಿಡಿಸುವುದಿಲ್ಲ ಎಂದು ಕತ್ತರಿಸಿ ಕೆಳಗೆ ಅಂಟಿಸಿದರು. ಅಷ್ಟೇ. ಕೀಳೆಂದಲ್ಲ, ಬೇರೆಯೆಂದಲ್ಲ, ಕಾಗದ ಸಾಲದೆಂದು. ಮೈದಾನಕ್ಕೇನು ಕಾಗದದ ಕಷ್ಟ ಇತ್ತೇ? ಪುಸ್ತಕ ನೋಡಿ ಗೆರೆ ಎಳೆದವಳು ತಾನು. ನಾಗರಾಜು ಆ ಗೆರೆಯನ್ನು ತನಗೆ ಬೇಕಾದ ಹಾಗೆ ಉಪಯೋಗಿಸಿಕೊಂಡ, ಅದಕ್ಕೆ ವಿಜ್ಞಾನ ಎಂದು ಹೆಸರಿಟ್ಟ. ಅವನ ಬಾಯಲ್ಲಿದ್ದದ್ದು ಅವಳದೇ ಪಾಠ.

ಮಂಗಳಮ್ಮನಿಗೆ ನಾಗರಾಜುವಿನ ಮೇಲಿದ್ದ ತಿರಸ್ಕಾರ ಹಳೆಯದು, ಗಟ್ಟಿಯಾದದ್ದು, ಅದನ್ನು ಅವಳು ಒಡವೆಯಂತೆ ಜೋಪಾನ ಮಾಡಿಟ್ಟಿದ್ದಳು. ಆದರೆ ಅದು ಇಷ್ಟು ವರ್ಷದಲ್ಲಿ ಅವನ ಒಂದು ಕೂದಲನ್ನೂ ಕೊಂಕಿಸಿರಲಿಲ್ಲ. ಬಾಯಿ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಕಣ್ಣ ಮುಂದಿತ್ತು. ಹೋದ ವರ್ಷ ಹಿಂದಿ ಮಿಸ್ ವೀಣ ಹಾಸ್ಟೆಲಿನ ಸಾರಿನಲ್ಲಿ ಬೇಳೆಯೇ ಇರುವುದಿಲ್ಲ ಎಂದಳು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಅವಳ ಕುರ್ಚಿ ಇರಲಿಲ್ಲ. ಆಗ ಮಂಗಳಮ್ಮ, ಬುದ್ಧಿಯಿಲ್ಲದ ಹೆಂಗಸು, ಎಂದುಕೊಂಡು ಸುಮ್ಮನಾಗಿದ್ದಳು.

ಮಾರನೇ ದಿನ ಬೆಳಗ್ಗೆ ಅವಳು ನೇರವಾಗಿ ಶಾಮಿಯಾನದ ಅಂಕಯ್ಯನನ್ನು ಹಿಡಿದಳು. ಅವನು ಕಂಬ ನಿಲ್ಲಿಸುತ್ತಿದ್ದ.

"ಅಂಕಯ್ಯ, ಹಿಂದಕ್ಕೆ ಇನ್ನೊಂದು ಪಟ್ಟಿ ಹಾಕ್ಬುಡು. ಮಕ್ಕಳು ಬಿಸಿಲಲ್ಲಿ ಕೂರ್ತವೆ."

"ಬಟ್ಟೆ ಅದೆ ಕಣವ್ವ. ಅದ್ನ ಕಾರುಗಳ ಮ್ಯಾಲೆ ಆಕು ಅಂದವ್ರೆ ಯಜಮಾನ್ರು. ಬಿಸ್ಲಿಗೆ ಸೀಟು ಕಾಯ್ತವಂತೆ."

ಮಂಗಳಮ್ಮ ಸೀದಾ ಆಫೀಸಿಗೆ ಹೋದಳು. ನಾಗರಾಜು ಮೇಜಿನ ಮೇಲೆ ನೆನಪಿನ ಕಾಣಿಕೆಗಳನ್ನು ಹರಡಿಕೊಂಡು ಯಾವುದು ಯಾರಿಗೆ ಎಂದು ನೋಡುತ್ತಿದ್ದ. ಅವಳು ವಿಷಯ ಹೇಳಿದಳು. ಆ ಎರಡು ಸಾಲು ನಿಜವಾಗಿ ಒಳಗೆ ಬರಬೇಕಾದದ್ದು, ಕುರ್ಚಿಗಳನ್ನು ಬೇರೆ ಥರ ಹಾಕಿದರೆ ಇನ್ನೂ ಸರಿಯಾಗುತ್ತದೆ ಎಂದು ಬಿಡಿಸಿ ಹೇಳಿದಳು.

"ಈಗ್ಯಾಕೆ ಅದೆಲ್ಲ?" ಎಂದ ಅವನು ತಲೆ ಎತ್ತದೆ. "ಚೆಂದಾಗ್ ಕೂತದೆ, ಕೂತಿರ್ಲಿ ಬುಡಿ. ಪಾಠ ಹೇಳಾಕೆ ಇಟ್ಕಂಡಿದೀನಿ ನಿಮ್ಮ, ನಂಗೇ ಹೇಳಾಕಲ್ಲ."

ಅವಳು "ಆಯ್ತು ಸಾರ್" ಎಂದು ಹೊರಗೆ ಬಂದಳು. ಆ ಎರಡು ಮಾತು ಬಾಯಿಂದ ಹೊರಟ ರೀತಿಗೆ ಅವಳಿಗೇ ಹೇಸಿಗೆಯಾಯಿತು.

ವಿಜ್ಞಾನ ದಿನ ಬಂತು. ಫೆಬ್ರವರಿ ಕೊನೆಯ ಬಿಸಿಲು ಬೆಳಗ್ಗೆಯೇ ಚುರುಗುಟ್ಟುತ್ತಿತ್ತು. ವೇದಿಕೆಯ ಮೇಲೆ ನಾಗರಾಜು, ಅವನ ಬೀಗರು, ಎರಡು ಪಕ್ಷದ ಮುಖಂಡರು, ನಡುವೆ ಮೈಸೂರಿನಿಂದ ಬಂದ ವಿಜ್ಞಾನಿ ಪಾರ್ಥಸಾರಥಿ. ಬಡಕಲು ಮೈಯ ಮುದುಕ. ಸ್ವಾಗತ ಭಾಷಣದ ನಡುವೆಯೇ ಅವರ ಕಣ್ಣು ಎಳೆಯತೊಡಗಿತ್ತು, ಇಷ್ಟು ಶಾಲು ಹೊದಿಸಿಕೊಂಡರೆ ಯಾರಿಗಾದರೂ ನಿದ್ದೆ ಬರುವುದೇ. ವೇದಿಕೆಯ ಎದುರಿಗೆ ಶಾಮಿಯಾನದ ನೆರಳಿನಲ್ಲಿ ಮಕ್ಕಳು ಬಣ್ಣ ಬಣ್ಣದ ರಟ್ಟು ಹಾಕಿಕೊಂಡು ತಮ್ಮ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ದೀಪಿಕ ಕಿರೀಟ ಸರಿಮಾಡಿಕೊಳ್ಳುತ್ತಿದ್ದಳು. ಹೆತ್ತವರು ಸುತ್ತಲೂ ಮೊಬೈಲು ಎತ್ತಿ ಹಿಡಿದಿದ್ದರು. ಎಲ್ಲರ ಹಿಂದೆ, ನೆರಳು ಮುಗಿದ ಆಚೆ, ಆ ಎರಡು ಸಾಲು. ವೇದಿಕೆಯಿಂದ ನೋಡಿದರೆ ಮುಂದಿನವರ ತಲೆಗಳ ನಡುವೆ ಅಲ್ಲೊಂದು ಇಲ್ಲೊಂದು ಹಣೆ ಕಾಣುತ್ತಿತ್ತು. ಮಕ್ಕಳು ರಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿದಿದ್ದರಿಂದ ಯಾರು ಯಾವ ಧಾತು ಎನ್ನುವುದೂ ಗೊತ್ತಾಗುತ್ತಿರಲಿಲ್ಲ. ಪಟ್ಟಲಮ್ಮ ಮಾತ್ರ ರಟ್ಟು ತೆಗೆದಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನೆಟ್ಟಗೆ ಕೂತಿದ್ದಳು.

ಮೈಕು ಮಂಗಳಮ್ಮನ ಕೈಯಲ್ಲಿತ್ತು. ಹೈಡ್ರೋಜನ್ ಎದ್ದಿತು, ಹೀಲಿಯಂ ಎದ್ದಿತು. ಕಬ್ಬಿಣ ಎದ್ದು ಬ್ರಿಡ್ಜು ಕಟ್ಟುತ್ತೇನೆ ಎಂದಿತು. ಗಂಧಕ ಮೂಗು ಮುಚ್ಚಿಕೊಂಡೇ ತನ್ನ ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿತು. ಚಿನ್ನ ಎದ್ದಾಗ ಬೀಗರೇ ಮೊದಲು ಚಪ್ಪಾಳೆ ಹೊಡೆದರು, ಮುಖಂಡರು ಹಿಂಬಾಲಿಸಿದರು. ದೀಪಿಕ ಹೇಳುವುದನ್ನು ಅರ್ಧಕ್ಕೆ ಮರೆತಳು, ಅದಕ್ಕೂ ಚಪ್ಪಾಳೆ. ಇನ್ನು ಉಳಿದದ್ದು ಹಿಂದಿನ ಎರಡು ಸಾಲು ಎದ್ದು ಕೈ ಎತ್ತುವುದು, ವಂದನಾರ್ಪಣೆ, ಊಟ.

ಕೆಲಸ ಹೋದರೆ ಈ ವಯಸ್ಸಿನಲ್ಲಿ ಯಾವ ಶಾಲೆಯವರೂ ಬಾ ಎನ್ನುವುದಿಲ್ಲ ಎನ್ನುವುದು ಮಂಗಳಮ್ಮನಿಗೆ ಗೊತ್ತಿತ್ತು. ವೇದಿಕೆಯ ಕಡೆ ನೋಡಿದಳು. ನಾಗರಾಜು ಬೀಗರ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದ. ಆ ನಗು ನೋಡಿ ಅವಳ ಹೆದರಿಕೆ ಅರ್ಧ ಇಳಿಯಿತು.

"ಹಿಂದುಗಡೆ ಇನ್ನೂ ಎರಡು ಸಾಲು ಮಕ್ಕಳಿದ್ದಾರೆ," ಎಂದಳು ಮೈಕಿನಲ್ಲಿ. ಕ್ಲಾಸಿನಲ್ಲಿ ಬರುವ ದನಿಯೇ ಬಂತು. "ಇವರು ಕೋಷ್ಟಕದಿಂದ ಹೊರಗಿನವರು ಅಂತ ನೀವೆಲ್ಲ ತಿಳಿದಿದ್ದೀರಿ. ತಪ್ಪು. ಪುಸ್ತಕದ ಪುಟ ಚಿಕ್ಕದು, ಅದರಲ್ಲಿ ಹಿಡಿಸಲಿಲ್ಲ ಅಂತ ಕೆಳಗಿಳಿಸಿದರು. ನಮ್ಮ ಮೈದಾನ ಚಿಕ್ಕದಲ್ಲ. ನಮ್ಮ ಕಾರ್ಯದರ್ಶಿಗಳ ಮನಸ್ಸಂತೂ ಚಿಕ್ಕದಲ್ಲವೇ ಅಲ್ಲ. ಈಗ ಅವರ ನಿಜವಾದ ಜಾಗ ತೋರಿಸ್ತೀವಿ. ಟೈಟೇನಿಯಂ ಸಾಲಿನಿಂದ ಹಿಡಿದು ಹೀಲಿಯಂ ಸಾಲಿನ ತನಕ ಎಲ್ಲರೂ ಏಳಿ. ಕುರ್ಚಿ ಎತ್ತಿಕೊಂಡು ಬಲಕ್ಕೆ ನಡೀರಿ. ನಾನು ನಿಲ್ಲು ಅನ್ನೋ ತನಕ ನಡೀರಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಯಾವುದೋ ಮೂಲೆಯಲ್ಲಿದ್ದ ಸಂತೋಷ್‌ಗೆ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ. ಆದರೆ ಇಷ್ಟು ಮಕ್ಕಳು ಒಟ್ಟಿಗೆ ಎದ್ದಾಗ ವಿಸಲ್ ಊದದೆ ಇರುವುದು ಅವನಿಗೆ ಜನ್ಮದಲ್ಲಿ ಬಂದದ್ದಲ್ಲ. ಅವನು ಊದಿದ. ವಿಸಲ್ ಕೇಳಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ತಾಮ್ರ, ಬೆಳ್ಳಿ, ಚಿನ್ನ, ಪಾದರಸ, ಸೀಸ, ಎಲ್ಲವೂ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು, ಸಾಲು ಮುರಿಯದೆ ಬಲಕ್ಕೆ ನಡೆದವು. ನಡೆದು ನಡೆದು ಶಾಮಿಯಾನದಿಂದ ಆಚೆ ಬಿಸಿಲಿಗೆ ಬಂದವು. ಟೈಟೇನಿಯಂ ಸಾಲಿನವರು ಮಾತ್ರ ನೆರಳಿನ ಅಂಚಿನಲ್ಲಿ ಉಳಿದುಕೊಂಡರು.

"ಈಗ ಲ್ಯಾಂಥನಂ ಮಗ್ಗುಲಿಗೆ ಅದರ ಮನೆಯವರು, ಆಕ್ಟಿನಿಯಂ ಮಗ್ಗುಲಿಗೆ ಅದರ ಮನೆಯವರು. ಬನ್ನಿ. ಒಳಗೆ ಬನ್ನಿ."

ಆ ಎರಡು ಸಾಲು ಎದ್ದು ಬಂದವು. ಓಡಲಿಲ್ಲ, ಗದ್ದಲ ಮಾಡಲಿಲ್ಲ, ಕುರ್ಚಿ ಹಿಡಿದು ಬಂದು ನೆರಳಿನಲ್ಲಿ ಹಾಕಿಕೊಂಡು ಕೂತವು. ಕೋಷ್ಟಕದ ಲೆಕ್ಕವೇ ಹಾಗಿದೆ, ಆ ಜಾಗದಲ್ಲಿ ಅವರ ಮುಂದೆ ಬರುವ ಧಾತು ಒಂದೂ ಇಲ್ಲ. ವೇದಿಕೆಗೂ ಅವರಿಗೂ ನಡುವೆ ಒಂದು ಕುರ್ಚಿಯೂ ಇರಲಿಲ್ಲ. ಇಷ್ಟು ಹೊತ್ತು ಹಣೆ ಮಾತ್ರ ಕಾಣುತ್ತಿದ್ದವರು ಈಗ ಕಾಲಿನ ಹವಾಯಿ ಚಪ್ಪಲಿಯ ತನಕ ಕಾಣುತ್ತಿದ್ದರು.

ನಾಗರಾಜು ಅರ್ಧ ಎದ್ದ. ಬಿಸಿಲಿನಲ್ಲಿ ಕಿರೀಟ ಕೈಗೆ ತೆಗೆದುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ ಮೊಮ್ಮಗಳನ್ನು ನೋಡಿದ. ಏನು ಹೇಳುತ್ತಾನೆ? ಏಳಿ ಎನ್ನುತ್ತಾನೆಯೇ? ಬೀಗರು ಪಕ್ಕದಲ್ಲೇ ಇದ್ದಾರೆ, ನೂರಾರು ಮೊಬೈಲುಗಳು ಅವನತ್ತಲೇ ನೋಡುತ್ತಿವೆ. ಕೂತವರನ್ನು ಎಬ್ಬಿಸಿದವನು ಎಂದು ಅನ್ನಿಸಿಕೊಂಡು ಈ ಸೀಮೆಯಲ್ಲಿ ತಲೆ ಎತ್ತಿ ತಿರುಗುವುದು ಸಾಧ್ಯವಿಲ್ಲ. ಅಷ್ಟರಲ್ಲಿ ಪಾರ್ಥಸಾರಥಿಯವರ ನಿದ್ದೆ ಹಾರಿಹೋಗಿತ್ತು.

"ಭೇಷ್," ಎಂದರು ಮುದುಕರು, ಶಾಲುಗಳನ್ನು ಕಿತ್ತು ಪಕ್ಕಕ್ಕೆ ಹಾಕುತ್ತ. "ಎಷ್ಟು ಸ್ಕೂಲಿಗೆ ಹೋಗಿದೀನಿ, ಸರಿಯಾಗಿ ಕೂರಿಸಿದ್ದು ನೋಡಿರ್ಲಿಲ್ಲ. ಕಾರ್ಯದರ್ಶಿಗಳೇ, ಶಹಬ್ಬಾಸ್! ಯುರೇನಿಯಂ ಎಲ್ಲಿ? ಅವಳಿಗೆ ಮೈಕ್ ಕೊಡಿ, ಅವಳು ಏನೂ ಹೇಳಲೇ ಇಲ್ಲ."

ನಾಗರಾಜು ಬೀಗರ ಊಟದ ದಿನ ನಕ್ಕ ನಗುವನ್ನೇ ಮತ್ತೆ ಮುಖಕ್ಕೆ ತಂದುಕೊಂಡು ಚಪ್ಪಾಳೆ ಹೊಡೆದ. ಮಂಗಳಮ್ಮ ಕಣ್ಣು ತುಂಬಾ ನೋಡಿದಳು.

ಮೈಕಿನ ವೈರು ಈಗ ಸಾಲಿತು. ಪಟ್ಟಲಮ್ಮ ಎದ್ದಳು. ಅವಳಿಗೆ ಯಾರೂ ಏನೂ ಬರೆದುಕೊಟ್ಟಿರಲಿಲ್ಲ.

"ನಾನು ಯುರೇನಿಯಂ," ಎಂದಳು. "ತೊಂಬತ್ತೆರಡನೆಯವಳು. ನಮ್ಮದು ಆಕ್ಟಿನೈಡ್ ಮನೆ. ಈ ಕಡೆ ಇರೋದು ಪ್ರೊಟಾಕ್ಟಿನಿಯಂ, ಆ ಕಡೆ ನೆಪ್ಚೂನಿಯಂ, ಮುಂದೆ ಕೂತಿರೋದು ನಿಯೋಡಿಮಿಯಂ. ನಮ್ಮ ಮನೆಯೋರು ಯಾರೂ ಸುಮ್ಮನೆ ಇರಲ್ಲ. ಯಾರು ನೋಡಲಿ ಬಿಡಲಿ, ಒಳಗೊಳಗೇ ಕಿರಣ ಬಿಡ್ತಾನೇ ಇರ್ತೀವಿ."

ಹೇಳಿ ಕೂತಳು. ಹಿಂದೆಲ್ಲೋ ನಿಂತಿದ್ದ ಅಂಕಯ್ಯ ಮೊದಲು ಚಪ್ಪಾಳೆ ಹೊಡೆದ.

ಊಟದ ಹೊತ್ತಿಗೆ ನಾಗರಾಜು ವೇದಿಕೆಯ ಹಿಂದೆ ಮಂಗಳಮ್ಮನನ್ನು ಕಂಡ. ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ಚೆನ್ನಾಗ್ ಮಾಡುದ್ರಿ ಮೇಡಮ್ಮೋರೆ. ಬಾರಿ ಚೆನ್ನಾಗ್ ಮಾಡುದ್ರಿ. ಸೋಮವಾರದಿಂದ ಬರೋ ತೊಂದ್ರೆ ತಕ್ಕಬ್ಯಾಡಿ."

"ಆಯ್ತು ಸಾರ್," ಎಂದಳು ಮಂಗಳಮ್ಮ. ಈ ಸಲ ಆ ಮಾತು ಬಾಯಲ್ಲಿ ಕಹಿಯಾಗಲಿಲ್ಲ. "ಆ ಎಡಗಡೆ ಸಿಂಹಕ್ಕೆ ಒಂದು ಬಾಲ ಮಾಡಿಸಿ. ನಾನು ಬಂದ ದಿನದಿಂದ ಹೇಳಬೇಕು ಅಂತಿದ್ದೆ."

ಅವಳು ಸೆರಗು ಸರಿಮಾಡಿಕೊಂಡು ಮೈದಾನದ ಕಡೆ ನಡೆದಳು. ಎದೆ ಹಗುರವಾಗಿತ್ತು. ತನ್ನ ಬಗ್ಗೆ ತನಗೇ ಇಷ್ಟು ಗೌರವ ಬಂದದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ. ಲೋಕದಲ್ಲಿ ಮರ್ಯಾದೆಗೆ ಯೋಗ್ಯವಾದವುಗಳ ಪೈಕಿ ಈಗ ತಾನೂ ಒಬ್ಬಳು ಎನ್ನಿಸಿತು.

ಮಿಕ್ಕ ಮಕ್ಕಳೆಲ್ಲ ಊಟಕ್ಕೆ ಹೋಗಿದ್ದರು. ಫ್ರೀ ಸೀಟಿನವರು ಕುರ್ಚಿ ಎತ್ತಿ ಒಂದರ ಮೇಲೊಂದು ಜೋಡಿಸುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಆ ಕೆಲಸ ಅವರದೇ, ಮೊದಲಿನಿಂದಲೂ. ಪಟ್ಟಲಮ್ಮನ ಕೊರಳಲ್ಲಿ ರಟ್ಟು ಇನ್ನೂ ಇತ್ತು. ಮಂಗಳಮ್ಮ ಹತ್ತಿರ ಹೋಗಿ ಅವಳ ಬೆನ್ನು ತಟ್ಟಿದಳು.

"ಚೆನ್ನಾಗಿ ಮಾತಾಡಿದೆ ಕಣಮ್ಮ."

ಹುಡುಗಿ ಕುರ್ಚಿ ಕೆಳಗಿಟ್ಟಳು.

"ಮಿಸ್, ನಮ್ಮ ಜಾಗ ಒಳಗೇ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಎಂ.ಎಸ್ಸಿ. ಓದುವಾಗಿಂದ. ನೀನಿನ್ನೂ ಹುಟ್ಟಿರ್ಲಿಲ್ಲ," ಎಂದಳು ಮಂಗಳಮ್ಮ, ಸ್ವಲ್ಪ ಬಿಂಕದಿಂದಲೇ.

"ಮತ್ತೆ ನಾನು ಕೇಳಿದ ದಿನ ಯಾಕೆ ಹೇಳಲಿಲ್ಲ?"

ಮಂಗಳಮ್ಮ ಬಾಯಿ ತೆರೆದಳು. ಬಸ್ಸಿನ ಹೊತ್ತಾಗಿತ್ತು, ತಲೆ ನೋಯುತ್ತಿತ್ತು, ಪರೀಕ್ಷೆಗೆ ಬರುವುದಿಲ್ಲ. ಇದ್ದ ಉತ್ತರ ಅಷ್ಟೇ.

ಪಟ್ಟಲಮ್ಮ ಒಂದು ಗಳಿಗೆ ಕಾದಳು. ಆಮೇಲೆ ಮಂಗಳಮ್ಮನನ್ನು ಕಾಲಿನಿಂದ ತಲೆಯ ತನಕ ಒಮ್ಮೆ ನೋಡಿದಳು, ಕೊರಳಿನ ರಟ್ಟು ತೆಗೆದು ಅವಳ ಕೈಗಿಟ್ಟಳು, ಕುರ್ಚಿ ಎತ್ತಿಕೊಂಡು ಹೋದಳು.

ಆ ನೋಟ ಎಂಥದು ಎಂದು ಮಂಗಳಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ವರ್ಷ ದಿನಾ ಬೆಳಗ್ಗೆ ಗೇಟಿನ ಮುಂದೆ ಬಸ್ಸಿಳಿದು, ಬಾಲವಿಲ್ಲದ ಆ ಸಿಂಹದ ಕಡೆ ಅವಳು ಎಸೆಯುತ್ತಿದ್ದದ್ದು ಅದೇ ನೋಟ.